ತಕ್ಕಡಿಯಿಂದ ತೆಗೆದ ಬೆಲ್ಲ

ನನ್ನ ಅಕ್ಕ ಬೆಳಗಾವಿಯ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಚಿಕ್ಕಂದಿನಿಂದಲೂ ಅವಳದು ಒಂದೇ ಹುಚ್ಚು. ಹಾಲು ಕಾಯಲಿಟ್ಟರೆ ಎಷ್ಟು ಏರಿತು ಎಂದಲ್ಲ, ಎಷ್ಟು ಬೇಗ ಏರುತ್ತಿದೆ ಎಂದು ನೋಡುವಳು. ಬಸ್ಸಿನಲ್ಲಿ ಕೂತರೆ, ವೇಗ ಹೆಚ್ಚುವುದು ಯಾವಾಗ ನಿಂತಿತು ಹೇಳು ಎಂದು ಪೀಡಿಸುವಳು. ಗಣಿತದಲ್ಲಿ ಶುದ್ಧ ದಡ್ಡಿಯಾದ ನನಗೆ ಮೈಯೆಲ್ಲ ಉರಿಯುತ್ತಿತ್ತು. "ಹಾಲು ಉಕ್ಕಿ ಒಲಿಗೆ ಬಿತ್ತು, ಈಗ ಹೇಳವಾ ನಿನ್ನ ಲೆಕ್ಕ" ಎಂದು ಅಣಕಿಸುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ, ಖಾನಾಪುರದ ತವರುಮನೆಯಲ್ಲಿ, ದಿನ ತುಂಬುವ ಮೊದಲೇ ನನಗೆ ಹೆಣ್ಣು ಕೂಸು ಹುಟ್ಟಿತು. ನೋಡಿದರೆ ಎದೆ ಧಸಕ್ಕೆನ್ನುವಷ್ಟು ಸಣ್ಣದು. ಡಾಕ್ಟರಮ್ಮ ಬಂದು ನೋಡಿ, ಮೊದಮೊದಲು ತೂಕ ಇಳಿಯುವುದು ಸಹಜ, ಆದರೆ ಇಳಿಯುವುದು ನಿಲ್ಲದಿದ್ದರೆ ತಡಮಾಡದೆ ಬೆಳಗಾವಿಯ ದವಾಖಾನೆಗೆ ಒಯ್ಯಿರಿ ಎಂದರು. ಆ ಗಾಳಿ ಮಳೆಯಲ್ಲಿ ಒಯ್ದರೆ ಕೂಸು ಉಳಿದೀತೇ? ಒಯ್ಯದಿದ್ದರೆ? ನನಗೆ ಕೂತರೂ ಸಮಾಧಾನವಿಲ್ಲ, ಮಲಗಿದರೂ ಇಲ್ಲ.

ತೂಗಿ ನೋಡೋಣವೆಂದರೆ ಅವ್ವ ಸುತರಾಂ ಒಪ್ಪಲಿಲ್ಲ. "ಹಸಿಕೂಸಿನ್ನ ತೂಗಬಾರದು, ದೃಷ್ಟಿ ಆಗತೈತಿ."

ಅಕ್ಕ ವಾದಕ್ಕೇ ಇಳಿಯಲಿಲ್ಲ. "ತೂಗೂದಲ್ಲವ್ವಾ, ತುಲಾಭಾರ ಮಾಡೂಣು. ಬೆಲ್ಲ ಎಲ್ಲಾ ಬಸವಣ್ಣನ ಗುಡಿಗಿ."

ದೇವರ ಹೆಸರು ಬಂದ ಮೇಲೆ ಅವ್ವ ಏನು ಮಾಡಿಯಾಳು? "ದಿನಾ ಮಾಡ್ತಾರೇನ ತುಲಾಭಾರ?" ಎಂದು ಗೊಣಗಿದಳು, ಅಷ್ಟೆ. ಬಾಜೂ ಮನೆಯ ಕಿರಾಣಿ ಅಂಗಡಿಯ ಚಾಚಾ ತಮ್ಮ ತಕ್ಕಡಿಯನ್ನು ತೊಳೆದು ತಂದರು. "ನಾ ಕೂಸಿನ ಕಡೆ ನೋಡಂಗಿಲ್ರೀ, ಚಿಂತಿ ಮಾಡಬ್ಯಾಡ್ರಿ" ಎಂದು ಮುಖ ತಿರುಗಿಸಿಕೊಂಡೇ ಅದನ್ನು ತೊಲೆಗೆ ಕಟ್ಟಿ ಹೋದರು.

ಅಕ್ಕ ದಿನಾ ಸಂಜೆ ಕಾಲೇಜು ಮುಗಿಸಿ ರೈಲು ಹಿಡಿದು ಬರುವಳು. ಒದ್ದೆ ಸೀರೆ ಬದಲಿಸಿ, ಕೈ ಬಿಸಿ ಮಾಡಿಕೊಂಡು, ಅದೇ ಅರಿವೆಯಲ್ಲಿ ಸುತ್ತಿದ ಕೂಸನ್ನು ಒಂದು ತಟ್ಟೆಯಲ್ಲಿಡುವಳು. ಇನ್ನೊಂದರಲ್ಲಿ ಮೊದಲ ದಿನ ಕೂಸಿಗೆ ಸಮವಾಗಿ ತೂಗಿಟ್ಟ ಬೆಲ್ಲ. ದಿನವೂ ಬೆಲ್ಲದ ಕಡೆಯೇ ಜಗ್ಗುತ್ತಿತ್ತು. ಸಮವಾಗುವಷ್ಟು ಬೆಲ್ಲ ತೆಗೆದು, ಅದನ್ನು ಮತ್ತೆ ತಟ್ಟೆಗೆ ಹಾಕದೆ ಗೋಡೆಯ ಗೂಡಿನಲ್ಲಿ ಸಾಲಾಗಿ ಇಡುತ್ತಿದ್ದಳು. ಆ ಸಾಲು ಬೆಳೆಯುತ್ತಿದ್ದಂತೆ ನನ್ನ ಜೀವ ಹಾರಿಹೋಗುತ್ತಿತ್ತು. ಒಂದು ಸಂಜೆ ತಡೆಯಲಾಗದೆ ಚೀರಿದೆ, "ದಿನಾ ಇಳ್ಯಾಕತ್ತೈತಿ! ಇನ್ನ ಏನ್ ನೋಡ್ತಿ? ಬೆಳಗಾವಿಗೆ ಹೋಗೂಣು ನಡಿ!"

"ತಟ್ಟ್ಯಾಗ ಉಳದದ್ದ ನೋಡಬ್ಯಾಡ," ಎಂದಳು ಅಕ್ಕ. "ತಗದದ್ದ ನೋಡು."

ನೋಡಿದೆ. ಮೊದಲನೆಯದು ನಿಂಬೆಹಣ್ಣಿನಷ್ಟು. ಆಮೇಲಿನದು ನೆಲ್ಲಿಕಾಯಿಯಷ್ಟು. ಇವತ್ತಿನದು ಅಡಿಕೆಯಷ್ಟು.

"ಇಳ್ಯಾಕತ್ತೈತಿ, ಖರೇ. ಆದ್ರ ಇಳಿಯೂ ವೇಗ ಕಡಿಮಿ ಆಗಾಕತ್ತೈತಿ. ಇವತ್ತಿಂದು ನಿನ್ನಿದ್ದಕ್ಕಿಂತ ದೊಡ್ಡದಿದ್ದರ ನಿನ್ನ ಕೇಳತಿರಲಿಲ್ಲ, ನಾನ ಎತ್ಕೊಂಡ ಓಡತಿದ್ದೆ."

ಅವಳ ದನಿ ಒಂದಿಷ್ಟೂ ನಡುಗಲಿಲ್ಲ. ಎಂಥ ಗಟ್ಟಿ ಹೆಣ್ಣುಮಗಳು ಎಂದುಕೊಂಡೆ. ಅಂದು ಮೊದಲ ಸಲ ಕಣ್ತುಂಬ ನಿದ್ದೆ ಮಾಡಿದೆ.

ಮರುದಿನ ತಕ್ಕಡಿ ಸಮವಾಗಿ ನಿಂತಿತು. "ಏನೂ ಬೆಳಿಲಿಲ್ಲಲ್ಲ" ಎಂದು ಅವ್ವ ಮುಖ ಸಣ್ಣ ಮಾಡಿದಳು. ಅಕ್ಕ ಕೂಸಿನ ಅಂಗಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಅದರ ಮರುದಿನ ಕೂಸಿನ ತಟ್ಟೆ ಮೆಲ್ಲಗೆ ಕೆಳಗೆ ಬಂತು. ಅಕ್ಕ ಗೂಡಿನ ಕಡೆ ತಿರುಗುವ ಮೊದಲೇ ನಾನು ಹೋಗಿ, ಎಲ್ಲಕ್ಕಿಂತ ಕೊನೆಗೆ ತೆಗೆದಿದ್ದ ಆ ಅಡಿಕೆಯಷ್ಟು ಬೆಲ್ಲವನ್ನು ತಂದು ತಟ್ಟೆಗೆ ಹಾಕಿದೆ. ತಕ್ಕಡಿ ಸಮವಾಯಿತು. ಅಕ್ಕ ಒಮ್ಮೆ ತಕ್ಕಡಿಯನ್ನು, ಒಮ್ಮೆ ನನ್ನನ್ನು ನೋಡಿದಳು. ಗೋಡೆಗೊರಗಿ ಕುಸಿದು ಕೂತು, ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ದಿನವೂ ಅವಳು ನನ್ನಷ್ಟೇ ಹೆದರಿದ್ದಳು.