ಬೀರಪ್ಪನ ಪಲ್ಲಕ್ಕಿಯ ಮುಂದೆ ಕಾಲು ಚಾಚಿ ಕುಳಿತ ದಿನ

ಜಮಖಂಡಿ ಸಂಸ್ಥಾನ ಹೋಗಿ ನಮ್ಮೂರು ಮುಂಬಯಿ ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಊರಿನ ಮುದುಕರು ಇನ್ನೂ ‘ನಮ್ಮ ರಾಜರಿದ್ದಾಗ’ ಎಂದೇ ಮಾತು ಶುರು ಮಾಡುತ್ತಿದ್ದ ಕಾಲ. ಆ ಬೇಸಿಗೆಯಲ್ಲಿ ನನ್ನ ಬಲಗಾಲಿನಲ್ಲಿ ನಾರು ಎದ್ದಿತ್ತು.

ನಾರುಹುಣ್ಣು ಎಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿಲ್ಲದಿರುವುದೇ ಒಳ್ಳೆಯದು. ಕಾಲಿನಲ್ಲಿ ಬೊಬ್ಬೆ ಎದ್ದು ಒಡೆದು, ಅದರೊಳಗಿಂದ ದಾರದಂಥ ಬಿಳಿ ಹುಳ ತಲೆ ಹೊರಗೆ ಹಾಕುತ್ತದೆ. ಅದನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕು. ಅವಸರ ಮಾಡಿ ಹರಿದುಕೊಂಡರೆ ಕಾಲು ಕುಂಬಳಕಾಯಿಯಾಗುತ್ತದೆ. ನಮ್ಮತ್ತೆ ಹಾಗೆ ಹರಿದುಕೊಂಡೇ ಕುಂಟಿಯಾದವರು. ನನ್ನ ಗಂಡ ಕುರಿ ಹೊಡೆದುಕೊಂಡು ಅನಗವಾಡಿ ಕಡೆ ಹೊಳೆದಂಡೆಗೆ ಹೋಗಿದ್ದರು. ನಾನು ಪಡಸಾಲೆಯಲ್ಲಿ ಕಾಲು ನೀಡಿಕೊಂಡು ಬಿದ್ದಿದ್ದೆ. ಎದುರಿಗೆ ಮಗಳು ಸಾವಂತ್ರಿ ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದಳು. ಅವಳ ಆ ಮೆತ್ತನೆಯ ಕಾಲು ನೋಡಿದಾಗಲೆಲ್ಲ ನನಗೆ ಒಂದೇ ಚಿಂತೆ. ಇವಳಿಗೂ ಇದೇ ಪಾಡೇ ಎಂದು.

ಹೀಗಿರುವಾಗ ಆರೋಗ್ಯ ಖಾತೆಯ ಸಾಹೇಬರೊಬ್ಬರು ಸೈಕಲ್ ಮೇಲೆ ಊರಿಗೆ ಬಂದರು. ಧಾರವಾಡ ಕಡೆಯವರು, ಮಾತು ಕಡಿಮೆ. ಬಾವಿ ನೋಡಿದರು, ಮನೆಮನೆಯ ಕಾಲು ನೋಡಿದರು, ಕಡೆಗೆ ಚಾವಡಿಯಲ್ಲಿ ಹೇಳಿಯೇ ಬಿಟ್ಟರು.

“ನಾರು ಬರೂದು ನಿಮ್ಮ ಮೆಟ್ಟಿಲ ಬಾವಿಯಿಂದ. ಹುಣ್ಣಿನ ಕಾಲು ನೀರಾಗ ಇಟ್ರ ಹುಳ ಮರಿ ಬಿಡತದ. ಆ ನೀರು ಕುಡದವರಿಗೆ ಮುಂದಿನ ವರ್ಷ ನಾರು ಏಳತದ. ಸಾಲಿ ಹತ್ರ ಸೇದೂ ಬಾವಿ ತೋಡಸ್ತೀವಿ. ಇದನ್ನ ಮುಚ್ಚಬೇಕು.”

ಮುಚ್ಚುವುದು ಹೇಗೆಂದರೆ ಬಾವಿಯ ಕಲ್ಲನ್ನೇ ಕಿತ್ತು ಬಾವಿಗೇ ತುಂಬುವುದು. ಆ ಬಾವಿ ಎಂಥದೆಂದು ಹೇಳಬೇಕು. ಗುಡ್ಡದ ಬುಡದಲ್ಲಿ ಅಗಲವಾದ ಮೆಟ್ಟಿಲುಗಳು, ನಡುವೆ ಪಲ್ಲಕ್ಕಿ ಇಳಿಸುವಷ್ಟು ದೊಡ್ಡ ಕಟ್ಟೆ, ಅದರ ಮೇಲೆ ಕಲ್ಲಿನ ಕಮಾನು. ಎಡಗಡೆ ಗೋಡೆಯಲ್ಲಿ ಕುರಿಮರಿಯನ್ನು ಹೆಗಲ ಮೇಲೆ ಹೊತ್ತ ಕುರುಬನ ಮೂರ್ತಿ. ಹೆಂಗಸರು ಅರಿಸಿನ ಹಚ್ಚಿ ಹಚ್ಚಿ ಅವನ ಮೂಗು ಸವೆದುಹೋಗಿತ್ತು. ಯಾರು ಕಟ್ಟಿಸಿದರೋ ಯಾರಿಗೂ ಗೊತ್ತಿಲ್ಲ. ವರ್ಷಕ್ಕೊಮ್ಮೆ ಬೀರಪ್ಪನ ಪಲ್ಲಕ್ಕಿ ಆ ಮೆಟ್ಟಿಲು ಇಳಿದು, ಹೊತ್ತವರು ಮೊಣಕಾಲು ಮಟ ನೀರಿಗಿಳಿದು, ದೇವರಿಗೆ ಜಳಕ ಮಾಡಿಸುತ್ತಿದ್ದರು.

ಊರು ಎರಡು ಪಾಲಾಯಿತು. ಕೆಲವರು “ಮುಚ್ಚಲಿ, ಪೀಡಾ ಹೋಗಲಿ” ಎಂದರು. ಬೀರಪ್ಪನ ಪೂಜಾರಿಯಾಗಿದ್ದ ನಮ್ಮ ಮಾವ ಮಾತ್ರ, “ಮೊದಲ ನನ್ನ ಹೂಳ್ರಿ, ಆಮ್ಯಾಲ ಬಾವಿ ಹೂಳ್ರಿ” ಎಂದು ಎದ್ದು ಬಂದರು.

ನನಗೆ ಎರಡೂ ಕಡೆ ಸಿಟ್ಟು ಬಂತು. ಮೂಗಿಗೆ ನೆಗಡಿಯಾಯಿತೆಂದು ಮೂಗು ಕೊಯ್ಯುವುದು ಯಾವ ನ್ಯಾಯ? ಹಾಗಂತ ನೆಗಡಿಯೇ ಇಲ್ಲ ಎನ್ನುವುದು ಯಾವ ಜಾಣತನ? ಕೋಲು ಊರಿಕೊಂಡು ಚಾವಡಿಗೆ ಹೋದೆ. ಜಮಖಂಡಿಯಲ್ಲಿ ನಾಲ್ಕನೆಯ ಇಯತ್ತೆ ಕಲಿತವಳು ನಾನು, ಸಾಹೇಬರ ಮುಂದೆ ನಿಲ್ಲಲು ಅಂಜಿಕೆಯಿರಲಿಲ್ಲ.

“ಕಾಲು ನೀರಿಗೆ ಹೋಗಬಾರದು, ಅಷ್ಟ ಹೌದಲ್ರಿ? ನಡುಕಟ್ಟಿ ಕೆಳಗ ಅಡ್ಡ ಗ್ವಾಡಿ ಹಾಕ್ರಿ. ಮ್ಯಾಲಿಂದ ರಾಟಿ ಕಟ್ಟಿ ಸೇದತೀವಿ. ಕಮಾನು ಯಾಕ ಕೆಡವತೀರಿ?”

ಸಾಹೇಬರು ನನ್ನ ಕಾಲು ನೋಡಿದರು, ಮುಖ ನೋಡಿದರು. “ಬ್ಯಾರೆ ಊರಾಗ ಹಾಕಿ ನೋಡೀನವ್ವಾ. ಗ್ವಾಡಿ ಹಾರಿ ಇಳೀತಾರ. ನಿಮ್ಮ ದೇವರೇ ನೀರಿಗೆ ಇಳಿಯಾಂವ ಇದ್ದಮ್ಯಾಲ ಮಂದಿನ್ನ ಯಾರು ತಡೀತಾರ?” ಎಂದರು. ಆಮೇಲೆ ಅವರೇ ಒಂದು ಮಾತು ಕೊಟ್ಟರು. “ಪಲ್ಲಕ್ಕಿ ದಿನ ನಾನೂ ಬರತೇನಿ. ಅವತ್ತು ಒಂದು ಕಾಲೂ ನೀರಿಗೆ ಬೀಳಲಿಲ್ಲಂದ್ರ ಗ್ವಾಡಿ ಸಾಕಂತ ಮ್ಯಾಲಿನವರಿಗೆ ಹೇಳತೇನಿ. ಒಂದು ಬಿದ್ರೂ ಮರುದಿನ ಹಾರಿ ಗುದ್ದಲಿ ಹಿಡಕೊಂಡು ಆಳು ಬರತಾರ.” ಹೋಗುವ ಮುಂದೆ ನನ್ನ ಹುಣ್ಣಿನ ಮೇಲೆ ತಣ್ಣೀರು ಹಾಕಿ ಹುಳ ಏನು ಮಾಡುತ್ತದೆಂದು ತೋರಿಸಿದರು. ಅದನ್ನು ನೋಡಿದ ಮೇಲೆ ನನಗೆ ಎರಡು ದಿನ ಊಟ ಸೇರಲಿಲ್ಲ.

ಮನೆಯಲ್ಲಿ ಮಾವನಿಗೆ ಹೇಳಿದೆ. “ನಡುವ ಗ್ವಾಡಿ ಹಾಕಿದ್ರ ಬೀರಪ್ಪ ಹಾರಿ ಹೋಗಬೇಕೇನ?” ಎಂದರು.

“ಮೈಮ್ಯಾಲ ಹಸಿ ಹುಣ್ಣಿದ್ದವರು ಪಲ್ಲಕ್ಕಿ ಮುಟ್ಟಬಾರದು ಅಂತ ನೀವ ಹೇಳತೀರಲ್ರಿ ಮಾವಾರ. ಹೊರೂ ಮಂದಿ ಕಾಲಾಗೂ ನಾರು ಐತಲ್ಲ?”

“ನಾರು ಹುಣ್ಣಲ್ಲ ಬೇ. ಅದು ನರ. ಬ್ಯಾಸಗಿ ಕಾವಿಗೆ ಹೊರಗ ಬರತದ” ಎಂದು ತೀರ್ಪು ಕೊಟ್ಟು ಕಂಬಳಿ ಹೊದ್ದುಕೊಂಡರು. ನಮ್ಮೂರಲ್ಲಿ ಎಲ್ಲರೂ ನಂಬಿದ್ದು ಹಾಗೆಯೇ. ನರ ಎಂದ ಮೇಲೆ ಮೈಲಿಗೆ ಎಲ್ಲಿಯದು? ನಾರು ಸುತ್ತಿದ ಕಡ್ಡಿಯನ್ನು ಅರಿವೆಯಲ್ಲಿ ಬಿಗಿದು, ಅದೇ ಕಾಲಿನಲ್ಲಿ ದೇವರನ್ನು ಹೊತ್ತು ಕುಡಿಯುವ ನೀರಿಗಿಳಿಯುತ್ತಿದ್ದರು.

ಆ ದಿನ ಬಂತು. ಡೊಳ್ಳಿನ ಸದ್ದು ಗುಡಿಯಿಂದ ಹೊರಟಾಗ ನಾನು ಅಗಲವಾದ ಹಿತ್ತಾಳೆ ಪರಾತ, ಒಂದು ತಂಬಿಗೆ ನೀರು ಹಿಡಿದು ಕುಂಟುತ್ತ ಹೋಗಿ ಬಾವಿಯ ನಡುಕಟ್ಟೆಯ ಮೇಲೆ, ಕೆಳಗಿಳಿಯುವ ಮೆಟ್ಟಿಲಿಗೆ ಅಡ್ಡಲಾಗಿ ಕಾಲು ಚಾಚಿ ಕುಳಿತೆ. ಚಾಚಿದ ಕಾಲನ್ನು ದಾಟುವುದು ನಮ್ಮಲ್ಲಿಲ್ಲ. ದೇವರನ್ನು ಹೊತ್ತವರಂತೂ ದಾಟುವುದೇ ಇಲ್ಲ. ಸಾಹೇಬರು ಮೇಲೆ ಕಮಾನಿನ ಪಕ್ಕ ನಿಂತಿದ್ದರು.

ಪಲ್ಲಕ್ಕಿ ಬಂದು ನನ್ನ ಮುಂದೆ ನಿಂತಿತು. ಡೊಳ್ಳು ನಿಂತಿತು.

“ಏಳ ಲಕ್ಕವ್ವ” ಅಂದರು ಮಾವ. ಕೈಯಲ್ಲಿದ್ದ ಪೂಜಾರಿಯ ಬೆತ್ತವನ್ನು ಮೆಟ್ಟಿಲಿಗೆ ಕುಟ್ಟಿದರು.

“ಏಳತೇನ್ರಿ. ಇದೊಂದು ನೋಡಿ ಆಮ್ಯಾಲ ಏಳಂದ್ರ ಏಳತೇನಿ” ಎಂದೆ. ಹುಣ್ಣಿನ ಅರಿವೆ ಬಿಚ್ಚಿ, ಕಾಲನ್ನು ಪರಾತದಲ್ಲಿಟ್ಟು ತಂಬಿಗೆ ನೀರು ಹಾಕಿದೆ. ನೀರು ತಾಗಿದ್ದೇ ತಡ, ಹುಳದ ಬಾಯಿಂದ ಹಾಲಿನಂಥ ಬಿಳಿ ರಸ ಒಸರಿ ನೀರಲ್ಲಿ ಬಿಚ್ಚಿಕೊಂಡಿತು. ಪಲ್ಲಕ್ಕಿ ಹೊತ್ತವರು ಬಗ್ಗಿ ನೋಡಿದರು. ಹಿಂದೆ ನಿಂತ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

“ನರದಾಗಿಂದ ಇದು ಬರತದೇನ್ರಿ? ಇದನ್ನ ನಾವು ಕುಡೀತೀವಿ. ಇದರಾಗ ದೇವರಿಗೆ ಜಳಕಾ ಮಾಡಸ್ತೀವಿ. ಕಾಲಿಗೆ ಅರಿವಿ ಕಟ್ಟಿದವರು ಬಿಚ್ಚಿ ತೋರಸ್ರಿ. ಒಬ್ಬರದಾದ್ರೂ ಕಾಲು ಸ್ವಚ್ಛ ಇದ್ರ ನಾ ದಾರಿ ಬಿಡತೇನಿ.”

ಹೊತ್ತವರಲ್ಲಿ ಅರಿವೆ ಕಟ್ಟದವರೇ ಇರಲಿಲ್ಲ. ಸೊಸೆಯೊಬ್ಬಳು ದೇವರನ್ನು ತಡೆದು ಕೂತಿದ್ದಾಳೆ, ಇನ್ನೇನು ನನ್ನನ್ನು ಎತ್ತಿ ಬದಿಗಿಡುತ್ತಾರೆ ಎಂದುಕೊಂಡು ಎರಡೂ ಕೈಯಿಂದ ಕಲ್ಲನ್ನು ಬಿಗಿಯಾಗಿ ಹಿಡಿದೆ.

ಆಗ ಮಾವ ಬೆತ್ತ ಬದಿಗಿಟ್ಟು ನನ್ನ ಪಕ್ಕದಲ್ಲೇ ಕುಳಿತರು. ಕೆಲವು ದಿನಗಳಿಂದ ಅವರು ಕುಂಟುತ್ತಿದ್ದರು, ಕೇಳಿದರೆ “ಜಾಲಿಮುಳ್ಳು” ಅನ್ನುತ್ತಿದ್ದರು. ಈಗ ಧೋತರ ಸರಿಸಿ ಕಾಲಿನ ಅರಿವೆ ತಾವೇ ಬಿಚ್ಚಿದರು. ಒಳಗೆ ಕಡ್ಡಿಯಿತ್ತು, ಕಡ್ಡಿಗೆ ನಾರು ಸುತ್ತಿತ್ತು.

“ನಾ ಬಿಟ್ರ ಪೂಜಿ ಮಾಡವ್ರು ಯಾರು ಅಂತ ಮುಚ್ಚಿಟ್ಟಿದ್ನೆವ್ವ” ಎಂದರು. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು. “ಪಲ್ಲಕ್ಕಿ ಇಲ್ಲೇ ಇಳಸ್ರಿ. ಬೀರಪ್ಪ ಇದಕ್ಕಿಂತ ಕೆಳಗ ಹೋಗೂದಿಲ್ಲ. ಯಾರ ಕಾಲಾಗ ಹುಣ್ಣಿಲ್ಲೋ ಅವರು ಮ್ಯಾಲಿಂದ ನೀರು ಸೇದಿ ತರ್ರಿ.”

ಜನ ಒಬ್ಬರ ಕಾಲು ಒಬ್ಬರು ನೋಡಿಕೊಂಡರು. ಮೇಲೆ ನಿಂತ ಸಾಹೇಬರು ಬೂಟು ಕಳಚಿ, ಸಾಲೆಯ ಹುಡುಗನಂತೆ ಅಂಗಾಲು ತೋರಿಸಿ, “ನಾ ಸೇದಬಹುದೇನ್ರಿ ಪೂಜಾರ?” ಎಂದು ಕೇಳಿದರು. ಮಾವ ಅವರ ಜಾತಿ ಕೇಳಲಿಲ್ಲ, ಕಾಲನ್ನಷ್ಟೇ ನೋಡಿ ತಲೆಯಾಡಿಸಿದರು. ನಾನು ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಆಗ ಬಂತು.

ಸಾಹೇಬರು ಮಾತು ಉಳಿಸಿಕೊಂಡರು. ಗೋಡೆಗೆ ಬಾವಿಯ ಒಂದು ಕಲ್ಲನ್ನೂ ಮುಟ್ಟದೆ, ಹೊಲದ ಬದುವಿನ ಕಲ್ಲು ಹೊತ್ತು ತಂದು ನಾವೇ ಕಟ್ಟಿದೆವು. ರಾಟಿ ಬಂತು. ಕಥೆ ಅಲ್ಲಿಗೇ ಸುಖವಾಗಿ ಮುಗಿಯಿತೆಂದಲ್ಲ. ಮರುವರ್ಷವೂ ಕೆಲವರಿಗೆ ನಾರು ಎದ್ದಿತು. “ದೇವರನ್ನ ತಡದಾಕಿ ಏನ್ ಮಾಡಿದಳಪಾ?” ಎಂದು ಬಾವಿಯ ಹತ್ತಿರವೇ ನನ್ನನ್ನು ಆಡಿಕೊಂಡರು. ಅದು ಹಿಂದಿನ ವರ್ಷ ಕುಡಿದ ನೀರಿನ ಫಲ ಎಂದು ಹೇಳಿ ಹೇಳಿ ನನ್ನ ಬಾಯಿ ಬತ್ತಿತು. ಗೋಡೆ ಹಾರಲು ಬಂದವರನ್ನು ಕೋಲು ಹಿಡಿದು ಅಟ್ಟಿದ್ದೇನೆ, ಬೈಸಿಕೊಂಡಿದ್ದೇನೆ, ಬೈದೂ ಇದ್ದೇನೆ. ಅದರ ಮುಂದಿನ ಬೇಸಿಗೆಯಲ್ಲಿ ನಮ್ಮ ಓಣಿಯಲ್ಲಿ ಯಾರ ಕಾಲಿಗೂ ಅರಿವೆ ಇರಲಿಲ್ಲ. ಬೈದವರೇ ಬಂದು ರಾಟಿಗೆ ಎಣ್ಣೆ ಹಾಕಿದರು.

ಸಾವಂತ್ರಿಯ ಮದುವೆಯಲ್ಲಿ ಮದುಮಕ್ಕಳ ಜಳಕಕ್ಕೆ ಸುರಗಿಯ ನೀರು ತರಲು ಬಾವಿಗೆ ಹೋದೆವು. ರಾಟಿಯ ಹತ್ತಿರ ನಿಂತು ಗೋಡೆಯಾಚೆ ನೀರಿನಲ್ಲಿ ಮುಳುಗಿದ ಮೆಟ್ಟಿಲುಗಳನ್ನು ಅವಳಿಗೆ ತೋರಿಸಿದೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕೊಡ ತುಂಬುವಾಗ ಅವು ಕಾಲಿಗೆ ಎಷ್ಟು ತಣ್ಣಗಿರುತ್ತಿದ್ದವು, ನೀನು ಒಮ್ಮೆಯೂ ಅಲ್ಲಿ ಕಾಲಿಡಲಿಲ್ಲವಲ್ಲ ಎಂದು ಕಣ್ಣು ಒರೆಸಿಕೊಂಡೆ.

“ಅವು ಅಲ್ಲೇ ಇರಲಿ ಬಿಡಬೇ ಯವ್ವಾ. ನನಗ ನನ್ನ ಕಾಲು ಸಾಕು” ಎಂದು ಅವಳು ಇನ್ನೂ ಕಾಲುಂಗುರ ತೊಡದ ಬರಿಗಾಲನ್ನು ಕಲ್ಲಿಗೆ ಒತ್ತಿ ನೀರು ಸೇದತೊಡಗಿದಳು.

ಬೇಸಿಗೆ ಬಂದರೆ ಆ ಕೆಳಗಿನ ಮೆಟ್ಟಿಲ ಮೇಲೆ ಒಂದೇ ಒಂದು ಸಲ ಕಾಲಿಡಬೇಕು ಎಂದು ನನಗೆ ಇವತ್ತಿಗೂ ಆಸೆಯಾಗುತ್ತದೆ. ಗೋಡೆಯ ತನಕ ಹೋಗುತ್ತೇನೆ. ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮನೆಗೆ ಬರುತ್ತೇನೆ.