ಮಗಳ ಹೆಸರಿಗೆ ಒಂದು ಕಾತಾ

ನನ್ನ ಮಗಳ ಕರಾಟೆಯ ಹಸಿರು ಬೆಲ್ಟಿಗೆ ನನಗೆ ಬಿದ್ದದ್ದು ಸಾವಿರದ ಎಂಟುನೂರು ರೂಪಾಯಿ. ಬೆಲ್ಟಿನ ಬಟ್ಟೆ ಐವತ್ತು ರೂಪಾಯಿಯದ್ದೂ ಅಲ್ಲ, ಮುಟ್ಟಿ ನೋಡಿದವನು ಹೇಳುತ್ತಿದ್ದೇನೆ. ಮಿಕ್ಕಿದ್ದೆಲ್ಲ ಹಳದಿ, ಕಿತ್ತಳೆ, ಹಸಿರು ಅಂತ ಮೂರು ಪರೀಕ್ಷೆಗಳ ಫೀಸು, ಫ್ರೇಮು ಹಾಕಿದ ಸರ್ಟಿಫಿಕೇಟು, ಬೇಲೂರಿಗೆ ಹೋಗಿಬಂದ ಖರ್ಚು. ಯಾಕೆ ಕೊಟ್ಟೆ ಅಂದರೆ, ನನಗೆ ಆತುರವಿತ್ತು. ಆತುರದವನಿಗೆ ಯಾವ ಸಂತೆಯಲ್ಲೂ ಹೆಚ್ಚಿನ ರೇಟು. ಮಂಡಿಯಲ್ಲಿ ಹತ್ತು ಜನಕ್ಕೆ ಈ ಬುದ್ಧಿ ಹೇಳುವ ನಾನೇ ಹೋಗಿ ಬಿದ್ದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅರಸೀಕೆರೆಯಲ್ಲಿ ನನ್ನದು ಕೊಬ್ಬರಿ ವ್ಯಾಪಾರ. ಮೂಟೆ ಹೊರುವುದರಿಂದ ಶುರು ಮಾಡಿ ಸ್ವಂತ ಅಂಗಡಿ ಇಟ್ಟವನು. ಮಗಳು ಆರನೇ ಕ್ಲಾಸಿನಲ್ಲಿದ್ದಳು. ಹಾಜರಿ ಕೂಗಿದರೆ ಅವಳ ‘ಎಸ್ ಮಿಸ್’ ಪಕ್ಕದ ಬೆಂಚಿಗೂ ಕೇಳುವುದಿಲ್ಲ ಎಂದು ಶಾಲೆಯಲ್ಲಿ ಹೇಳಿದರು. ಬೀದಿಯಲ್ಲಿ ಯಾರೋ, “ಕರಾಟೆಗೆ ಹಾಕಿ, ಬಾಯಿ ಬಿಡ್ತಾಳೆ” ಅಂದರು. ರೈಲ್ವೆಯಲ್ಲಿ ಸಿಗ್ನಲ್ ಕೆಲಸದಲ್ಲಿದ್ದ ಒಬ್ಬರು ಬೆಳಿಗ್ಗೆ ಆರಕ್ಕೆ ಕ್ವಾರ್ಟರ್ಸಿನ ಹಿಂದಿನ ಮೈದಾನದಲ್ಲಿ ಹೇಳಿಕೊಡುತ್ತಿದ್ದರು. ಮಕ್ಕಳಿಗೆ ಅವರು ‘ಮೇಷ್ಟ್ರು’. ತಿಂಗಳಿಗೆ ಮೂವತ್ತು ರೂಪಾಯಿ. ಅಗ್ಗವಾಯಿತೆಂದು ಸೇರಿಸಿದೆ.

ಎಂಟು ತಿಂಗಳು ಕಳೆದರೂ ಮಗಳ ಸೊಂಟದಲ್ಲಿ ಸೇರಿದ ದಿನ ಕಟ್ಟಿದ ಅದೇ ಬಿಳಿ ಬೆಲ್ಟು. ಹೀಗಿರುವಾಗ ಒಂದು ಸಂಜೆ ಅಂಗಡಿಯಿಂದ ಬಂದರೆ ಮನೆಯಲ್ಲಿ ರಂಪ. ನನ್ನ ಅಕ್ಕ ಹಳ್ಳಿಯಿಂದ ಬಂದು ಜಗಲಿಯ ಮೇಲೆ ಕೂತಿದ್ದಳು. ಕೊಟ್ಟ ನೀರನ್ನೂ ಮುಟ್ಟಿರಲಿಲ್ಲ.

“ಏನ್ಲಾ, ತೋಟಾನ ಮಗಳ ಹೆಸರಿಗೆ ಮಾಡಿಸ್ದ್ಯಂತೆ? ನಂಗೊಂದ್ ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?”

“ಯಾರಕ್ಕ ಹಂಗಂದೋರು?”

“ಅವ್ವನೇ ಹೇಳ್ಕಳಿಸವ್ಳೆ. ಕಾತಾ ಆಯ್ತಂತೆ.”

ಅವ್ವ ಒಳಗಿಂದಲೇ ಕೂಗಿದಳು. “ನಾನ್ಯಾಕ್ ಸುಳ್ಳೇಳ್ಲಿ? ಮಗೀನೇ ಹೇಳ್ತು ಕಣೋ. ‘ಅಜ್ಜಿ, ನಂದೊಂದು ಕಾತಾ ಆಯ್ತು, ಇನ್ನೊಂದಕ್ಕೆ ಮೇಷ್ಟ್ರು ಬಿಡ್ತಿಲ್ಲ’ ಅಂತು. ಅವನ್ಯಾವನು ಬುಡದೆ ಇರೋನು? ನಾನೇ ಹೋಗಿ ಕೇಳ್ತೀನಿ!”

ನಮ್ಮ ಬಾಯಲ್ಲಿ ಮಹಾಪ್ರಾಣ ನಿಲ್ಲುವುದಿಲ್ಲ. ಜಮೀನಿನ ಖಾತಾನೂ ಕಾತಾ, ಕರಾಟೆಯ ಕಾತಾನೂ ಕಾತಾ. ಹೆಜ್ಜೆ, ತಡೆ, ಗುದ್ದು ಇವನ್ನು ಒಂದು ಕ್ರಮದಲ್ಲಿ ಪೋಣಿಸಿ, ಎದುರಾಳಿ ಇಲ್ಲದೆ ಒಬ್ಬರೇ ಮಾಡುವುದಕ್ಕೆ ಕರಾಟೆಯಲ್ಲಿ ಹಾಗೆನ್ನುತ್ತಾರೆ. ಅಕ್ಕನಿಗೆ ನಂಬಿಕೆ ಬರಲೆಂದು ಮಗಳು ಅಂಗಳದಲ್ಲಿ ಮಾಡಿ ತೋರಿಸಿದಳು. ಎಡಕ್ಕೆ ತಿರುಗಿದಳು, ಕೈ ಕೆಳಗೆ ಬೀಸಿದಳು, ಒಂದು ಹೆಜ್ಜೆ ಮುಂದಿಟ್ಟು ಗುದ್ದಿದಳು.

ಅವ್ವ ಬಾಗಿಲಿಗೆ ಬಂದು ನೋಡಿದಳು. “ಅಲ್ಯಾರೂ ಇಲ್ವಲ್ಲೇ ಮಗಾ, ಯಾರಿಗೆ ಹೊಡೀತಿದೀಯ?”

“ಇದಾರೆ ಅಂದ್ಕೋಬೇಕು ಅಜ್ಜಿ.”

“ಅಂದ್ಕಳಾಕೆ ತಿಂಗಳಿಗೆ ಮೂವತ್ತು ರೂಪಾಯಾ?” ಎಂದಳು ಅಕ್ಕ. ಎಲ್ಲರೂ ನಕ್ಕರು. ಅಕ್ಕ ಊಟ ಮಾಡಿಕೊಂಡೇ ಹೋದಳು. ನನಗೆ ಮಾತ್ರ ಆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲಿ ಉಳಿಯಿತು. ಎಂಟು ತಿಂಗಳಿಗೆ ಒಂದು ಕಾತಾ! ಜಮೀನಿನ ಖಾತೆ ಬದಲಾವಣೆಗೂ ಇಷ್ಟು ದಿನ ಬೇಡ.

ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೋಗಿ ವ್ಯಾಪಾರ ಶುರು ಮಾಡಿದೆ. “ಮೇಷ್ಟ್ರೇ, ಇನ್ನೂ ಹತ್ತು ಮಕ್ಕಳನ್ನ ನಾನೇ ಸೇರಿಸ್ತೀನಿ. ಫೀಸು ಇಪ್ಪತ್ತೈದು ಮಾಡಿ, ಮೂರು ತಿಂಗಳಿಗೊಂದು ಬೆಲ್ಟು ಕೊಡಿ. ನಿಮಗೂ ಲಾಭ, ಮಕ್ಕಳಿಗೂ ಹುರುಪು.”

ಅವರು ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿ ಸೈಕಲ್ ಒರೆಸುತ್ತಿದ್ದರು. “ಫೀಸು ಬೇಕಾದ್ರೆ ಇಪ್ಪತ್ತು ಕೊಡಿ. ಕೊಡದಿದ್ರೂ ನಡೆಯುತ್ತೆ. ಬೆಲ್ಟ್ ಮಾತ್ರ ನನ್ನ ಕೈಲಿಲ್ಲ ಸಾರ್.”

“ಮತ್ತ್ಯಾರ ಕೈಲಿದೆ?”

“ನಿಮ್ಮ ಮಗಳ ಕೈಲಿದೆ.”

ಇಂಥ ಮಾತು ಹೇಳುವವರೊಂದಿಗೆ ಚೌಕಾಸಿ ಕಷ್ಟ. ಎಂಥ ರೇಟಿಗೂ ಬಗ್ಗದವನು ಒಂದೋ ಹುಚ್ಚ, ಇಲ್ಲವೇ ಸೊಕ್ಕಿನವನು ಅಂತ ನನ್ನ ಆಗಿನ ಲೆಕ್ಕ. ಮಾಲು ಅಪ್ಪಟವಾಗಿರಬಹುದು ಎನ್ನುವ ಮೂರನೆಯ ಸಾಧ್ಯತೆ ಹೊಳೆಯಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಹೊಸ ಕ್ಲಾಸು ತೆರೆದಿತ್ತು. ಗೋಡೆಗೆ ಕನ್ನಡಿ, ನೆಲಕ್ಕೆ ಚಾಪೆ, ಅಲ್ಲಿ ಕಲಿಸುವವರು ‘ಮಾಸ್ಟರ್’. ನಗುಮೊಗದ ಯುವಕ. ನಾನು ಹೇಳಿದ್ದಕ್ಕೆಲ್ಲ ಒಪ್ಪಿದರು. ಮಗಳನ್ನು ಮಾತ್ರವಲ್ಲ, ನಮ್ಮ ಬೀದಿಯ ಇನ್ನೂ ಎಂಟು ಮಕ್ಕಳನ್ನು ಮೈದಾನದಿಂದ ಎಬ್ಬಿಸಿ ಅಲ್ಲಿಗೆ ಒಯ್ದೆ. ರೈಲ್ವೆ ಮೇಷ್ಟ್ರ ಹತ್ತಿರ ನಾಲ್ಕೇ ಮಕ್ಕಳು ಉಳಿದರಂತೆ. ಅಂದು ಅದು ನನಗೆ ಗೆಲುವಿನ ಹಾಗೆ ಕಂಡಿತ್ತು, ಮುಚ್ಚಿಡುವುದಿಲ್ಲ.

ಆರು ತಿಂಗಳಲ್ಲಿ ಹಳದಿ, ಕಿತ್ತಳೆ ಬಂದವು. ಮೂರು ಹೊಸ ಕಾತಾಗಳೂ ಬಂದವು. ಹಸಿರಿನ ಪರೀಕ್ಷೆ ಬೇಲೂರಿನ ಒಂದು ಶಾಲೆಯ ಹಾಲಿನಲ್ಲಿ. ಬಿಕ್ಕೋಡು ಕಡೆಯಿಂದ ಜೀಪುಗಳಲ್ಲಿ ತುಂಬಿಕೊಂಡು ಬಂದ ಮಕ್ಕಳೂ ಇದ್ದರು. ನಾನು ಮುಂದಿನ ಸಾಲಿನ ಕುರ್ಚಿ ಹಿಡಿದೆ. ಮಗಳನ್ನು ಮೊದಲ ಸಾಲಿನಲ್ಲಿ ನಿಲ್ಲಿಸಿದ್ದರು. ಕಾತಾದ ನಡುವೆ ಎಲ್ಲಿಯೋ ಅವಳು ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿದಳು. ಅವಳನ್ನು ನೋಡಿಕೊಂಡೇ ಮಾಡುತ್ತಿದ್ದ ಎಡಗಡೆಯ ಮಕ್ಕಳೂ ಬಲಕ್ಕೆ ತಿರುಗಿದರು. ಬಲಗಡೆಯವರಿಗೆ ಸರಿಯಾದ ದಿಕ್ಕು ನೆನಪಿತ್ತು. ಎರಡು ಗುಂಪು ಎದುರುಬದುರಾಗಿ ಢಿಕ್ಕಿ ಹೊಡೆದವು. ಒಬ್ಬ ಹುಡುಗ ಬಿದ್ದ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೈಗಡಿಯಾರ ನೋಡಿ, ಚಪ್ಪಾಳೆ ತಟ್ಟಿ, “ವೆರಿ ಗುಡ್, ನೆಕ್ಸ್ಟ್ ಬ್ಯಾಚ್” ಅಂದರು. ಎಲ್ಲರೂ ಪಾಸು, ಎಲ್ಲರ ಸೊಂಟಕ್ಕೂ ಅಲ್ಲೇ ಹಸಿರು ಬೆಲ್ಟು.

ವಾಪಸ್ಸಿನ ಬಸ್ಸು ಹಳೇಬೀಡಿನಲ್ಲಿ ಟೀಗೆ ನಿಂತಿತು. ಮಗಳು ಕಡಲೆಕಾಯಿ ಬೇಡವೆಂದಳು, ಕಬ್ಬಿನ ಹಾಲೂ ಬೇಡವೆಂದಳು. ಸುಮ್ಮನೆ ಗುಡಿಯ ಮುಂದಿನ ಹುಲ್ಲಿನ ಮೇಲೆ ಹೋಗಿ ನಿಂತು ಅದೇ ಕಾತಾ ಶುರು ಮಾಡಿದಳು. ತಪ್ಪಿದ ಜಾಗದವರೆಗೆ ಬರುವುದು, ನಿಲ್ಲುವುದು, ಮತ್ತೆ ಮೊದಲಿನಿಂದ. ಪ್ರವಾಸಿಗರು ಕೆತ್ತನೆ ಬಿಟ್ಟು ಇವಳನ್ನು ನೋಡತೊಡಗಿದರು. ನಾನು ಕೈ ಹಿಡಿದು, “ಬಾರೇ, ಪಾಸಾಯ್ತಲ್ಲ” ಅಂದೆ.

“ನಾನು ತಪ್ಪು ಮಾಡ್ದೆ ಅಪ್ಪ!”

ಅಷ್ಟು ಜೋರಾದ ದನಿ ಅವಳಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ. ಬಸ್ಸಿನ ಕಂಡಕ್ಟರು ಟೀ ಲೋಟ ಹಿಡಿದು ಇತ್ತ ತಿರುಗಿದರು.

“ನಾನು ತಪ್ಪು ಮಾಡ್ದೆ, ಯಾರೂ ಹೇಳ್ಲೇ ಇಲ್ಲ. ಮೇಷ್ಟ್ರಾಗಿದ್ರೆ ಅಲ್ಲೇ ನಿಲ್ಲಿಸ್ತಿದ್ರು.” ಬೆಲ್ಟು ಬಿಚ್ಚಿ ನನ್ನ ಕೈಗೆ ತುರುಕಿದಳು. “ವಾಪಸ್ ಕೊಡು ಇದನ್ನ. ಕೊಬ್ಬರಿ ಒಳಗೆ ಬೂಷ್ಟು ಹಿಡಿದಿದ್ರೆ ನೀನು ವಾಪಸ್ ಕಳಿಸ್ತೀಯಲ್ಲ? ನನ್ನನ್ನ ಮೇಷ್ಟ್ರ ಹತ್ರ ಬಿಡು. ಇಲ್ಲದಿದ್ರೆ ಕರಾಟೆನೇ ಬೇಡ.”

ಅರಸೀಕೆರೆ ಬರುವವರೆಗೂ ಅವಳು ಕಿಟಕಿಯ ಕಡೆ ಮುಖ ಮಾಡಿಯೇ ಕೂತಳು. ಬಾಯಿ ಬಿಡಲೆಂದು ಸೇರಿಸಿದ ಮಗು ಈಗ ಬಾಯಿ ಬಿಟ್ಟಿತ್ತು. ಇದನ್ನು ನಾನು ಕೇಳಿಸಿಕೊಳ್ಳದಿದ್ದರೆ ಇನ್ನೊಮ್ಮೆ ಬಿಡಲಾರದು ಎಂಬ ಭಯ ನನಗೆ ಹತ್ತಿತು.

ಮೊದಲು ಮಹಡಿಯ ಮಾಸ್ಟರ್ ಹತ್ತಿರ ಹೋದೆ, ಜಗಳಕ್ಕೆಂದೇ. ಅವರು ಕುರ್ಚಿ ಕೊಟ್ಟು ಟೀ ತರಿಸಿದರು. “ಸಾರ್, ಒಂದು ಕಾತಾ ವರ್ಷ ಮಾಡಿಸೋದು ನನಗೂ ಗೊತ್ತು. ನಾನು ಕಲ್ತಿದ್ದೂ ಹಂಗೇ. ಮೂರು ತಿಂಗಳಿಗೆ ಬೆಲ್ಟ್ ಇಲ್ಲ ಅಂದ್ರೆ ಮಕ್ಕಳನ್ನ ಬೇರೆ ಕಡೆ ಕರ್ಕೊಂಡು ಹೋಗಲ್ವಾ ನೀವೆಲ್ಲ? ಮೊದಲ ದಿನ ಈ ಕುರ್ಚಿ ಮೇಲೆ ಕೂತು ಕೇಳಿದ್ದು ನೀವೇ ಅಲ್ವಾ?” ಕನ್ನಡಿಯಲ್ಲಿ ನನ್ನ ಮುಖವೇ ಎದುರಿಗಿತ್ತು. ಆ ಹುಡುಗ ಮೋಸಗಾರನಲ್ಲ. ಬಾಡಿಗೆ ಕಟ್ಟಬೇಕಾದವನು, ಗಿರಾಕಿ ಕೇಳಿದ್ದನ್ನು ತೂಗಿ ಕೊಟ್ಟ. ತೂಕದ ಕಲ್ಲು ಇಟ್ಟವನು ನಾನು.

ಮನೆಯಲ್ಲಿ ಅವ್ವ ಗೋಡೆಯ ಸರ್ಟಿಫಿಕೇಟನ್ನು ಸೆರಗಿನಿಂದ ಒರೆಸುತ್ತಿದ್ದಳು. ನಡೆದದ್ದು ಹೇಳಿದೆ. “ಅಂಗಾರೆ ಇದು ನನ್ ಹೊಲದ್ ಕಾತಾ ತರಾನೇ ಬುಡು” ಅಂದಳು. ಅವಳ ತವರಿನಲ್ಲಿ ಒಂದೆಕರೆ ಹೊಲ ಅವಳ ಹೆಸರಿನಲ್ಲಿತ್ತು. ಉಳುತ್ತಿದ್ದವರು ದಾಯಾದಿಗಳು. ಪಹಣಿಯಲ್ಲಿ ಹೆಸರು ಇವಳದು, ಕಾಳು ತುಂಬಿಡುವ ಹಗೇವಿನಲ್ಲಿ ರಾಗಿ ಅವರದು. “ಹೆಸ್ರು ಐತೆ ಅಂತ ಯಾರಾದ್ರೂ ಉಣ್ಣಾಕಾಯ್ತದೇನ್ಲಾ? ಉಳಬೇಕು. ಮಗೀನ ಉಳಾಕೆ ಬುಡು.”

ಮರುದಿನ ಬೆಳಿಗ್ಗೆ ಮಗಳೊಂದಿಗೆ ಮೈದಾನಕ್ಕೆ ಹೋದೆ. ಕೈಯಲ್ಲಿ ಒಂದು ಚೀಲ ತೆಂಗಿನಕಾಯಿ. ಬರಿಗೈಯಲ್ಲಿ ಮಾತು ಶುರು ಮಾಡಿ ನನಗೆ ಅಭ್ಯಾಸವಿಲ್ಲ. ಮೇಷ್ಟ್ರು ಚೀಲ ನೋಡಿ ನಕ್ಕರು. “ಕಾಯಿ ಮನೆಗೆ ಕೊಡಿ, ನಮ್ಮನೆಯವರು ಬೇಡ ಅನ್ನಲ್ಲ. ಮಗು ವಿಷಯಕ್ಕೆ ಇದನ್ನ ಸೇರಿಸ್ಬೇಡಿ.” ನಾನು ಬೇಲೂರಿನಲ್ಲಿ ನಡೆದದ್ದು ಹೇಳಿದೆ. ಆಮೇಲೆ ಅವರು ನನ್ನನ್ನು ಬಿಟ್ಟು ಅವಳನ್ನೇ ಕೇಳಿದರು.

“ಬೇಲೂರಲ್ಲಿ ಎಲ್ಲಿ ತಪ್ತು?”

“ಎಡಕ್ಕೆ ತಿರುಗೋ ಕಡೆ ಬಲಕ್ಕೆ ತಿರುಗಿದೆ ಮೇಷ್ಟ್ರೇ.”

“ಯಾವಾಗ ಗೊತ್ತಾಯ್ತು?”

“ಕಾಲು ಇಟ್ಟ ತಕ್ಷಣ.”

“ಹಂಗಾದ್ರೆ ಆ ಎಂಟು ತಿಂಗಳು ದಂಡ ಆಗಿಲ್ಲ. ಬಿಳಿ ಬೆಲ್ಟ್ ತಂದಿದೀಯಾ?”

ತಂದಿದ್ದಳು. ಪ್ಯಾಂಟಿನ ಜೇಬಿನಲ್ಲಿ ಮಡಚಿ ಇಟ್ಟುಕೊಂಡಿದ್ದಳು, ನನಗೂ ತಿಳಿಯದಂತೆ. ಅದನ್ನು ಕಟ್ಟಿಕೊಂಡು ನಿಂತಳು. ಆಗ ನನಗೆ ಅವ್ವನ ಪ್ರಶ್ನೆ ನೆನಪಾಗಿ ಕೇಳಿಯೇಬಿಟ್ಟೆ. “ಮೇಷ್ಟ್ರೇ, ಎದುರಿಗೆ ಯಾರೂ ಇಲ್ಲದೆ ಇದು ಯಾರಿಗೆ ಹೊಡೆಯೋದು? ಗುದ್ದುವಾಗ ಇನ್ನೊಂದು ಕೈ ಸೊಂಟಕ್ಕೆ ಯಾಕೆ ಎಳ್ಕೋತಾರೆ, ಚೆಂದಕ್ಕಾ?”

ಅವರು, “ನೀವೇ ಬನ್ನಿ” ಅಂದರು. ಮಗಳ ತೋಳು ಹಿಡಿಯಲು ನನ್ನ ಕೈ ಚಾಚಿಸಿದರು. “ಈಗ ಕಾತಾದಲ್ಲಿ ಮಾಡೋ ಹಂಗೇ ಮಾಡಮ್ಮ. ಸೊಂಟಕ್ಕೆ ಎಳೆಯೋ ಕೈ ಖಾಲಿ ಇಲ್ಲ, ಅದರಲ್ಲಿ ಅಪ್ಪನ ಕೈ ಐತೆ ಅನ್ಕೋ.” ಅವಳು ನನ್ನ ಮಣಿಕಟ್ಟು ಹಿಡಿದು ಸೊಂಟಕ್ಕೆ ಎಳೆದಳು. ನಾನು ಮುಗ್ಗರಿಸಿ ಒಂದು ಹೆಜ್ಜೆ ಮುಂದೆ ಬಿದ್ದೆ. ಅವಳ ಇನ್ನೊಂದು ಮುಷ್ಟಿ ನನ್ನ ಗಲ್ಲದ ಹತ್ತಿರ ಬಂದು ನಿಂತಿತ್ತು. ಒಂದು ಚಪ್ಪಲಿ ಹಿಂದೆಯೇ ಉಳಿದಿತ್ತು. ನಾಲ್ಕು ಮಕ್ಕಳೂ ಬಿದ್ದು ಬಿದ್ದು ನಕ್ಕವು.

ಮೇಷ್ಟ್ರು ಮಾತ್ರ ನಗಲಿಲ್ಲ. “ಇದನ್ನ ನಾನು ಮೊದಲೇ ತೋರಿಸ್ಬೇಕಿತ್ತು. ನನ್ನ ಗುರುಗಳು ಮೂರು ವರ್ಷ ಹೇಳ್ಲಿಲ್ಲ, ನಾನೂ ಹಂಗೇ ಬಾಯಿ ಮುಚ್ಕೊಂಡು ಮಾಡಿಸ್ದೆ. ಯಾಕೆ ಅಂತ ಗೊತ್ತಿಲ್ಲದೆ ಎಂಟು ತಿಂಗಳು ಮಾಡು ಅಂದ್ರೆ ಯಾವ ಮಗುಗೆ ಬೇಜಾರಾಗಲ್ಲ?” ಅಷ್ಟು ಜನರ ಮುಂದೆ ತನ್ನದೂ ತಪ್ಪಿದೆ ಎನ್ನುವ ಮೇಷ್ಟ್ರನ್ನು ನಾನು ಅದೇ ಮೊದಲು ನೋಡಿದ್ದು.

ಬೀದಿಯ ಎಂಟು ಮಕ್ಕಳ ಮನೆಗೂ ಹೋಗಿ ವಾಪಸ್ ಕಳಿಸಿ ಎಂದು ಕೇಳಿದೆ. ಮೂವರು ಬಂದರು. ಮಿಕ್ಕವರು, “ಕಪ್ಪು ಬೆಲ್ಟ್ ಆಗ್ಲಿ, ಆಮೇಲೆ ನೋಡೋಣ” ಅಂದರು. ಅವರನ್ನು ಎಬ್ಬಿಸಿದ್ದು ನನ್ನ ನಾಲಿಗೆಯೇ. ಕೂರಿಸಲು ಅದೇ ನಾಲಿಗೆ ಸಾಲಲಿಲ್ಲ. ಮಗಳು ಮತ್ತೆ ಹಸಿರು ಕಟ್ಟಿದ್ದು ಎರಡು ವರ್ಷ ಕಳೆದ ಮೇಲೆ, ಅದೂ ಒಮ್ಮೆ ಫೇಲಾಗಿ. ಫೇಲಾದ ದಿನ ಅವಳು ಎಲ್ಲಿ ತಪ್ಪಿತೆಂದು ಹೇಳುತ್ತಾ ಎರಡು ತುತ್ತು ಹೆಚ್ಚಿಗೆ ಉಂಡಳು. ಬೇಲೂರಿನ ಬೆಲ್ಟನ್ನು ಅವ್ವ ಕರು ಕಟ್ಟಲು ತೆಗೆದುಕೊಂಡಳು.

ನೀವೂ ಮಗುವನ್ನು ಕರಾಟೆಗೆ ಸೇರಿಸುವವರಾಗಿದ್ದರೆ ನನ್ನ ಮಾತು ಕೇಳಿ. ಹಣ ಕಟ್ಟುವ ಮೊದಲು ಒಂದು ಇಡೀ ಕ್ಲಾಸು ಕೂತು ನೋಡಿ. ಬೆಳಗಿನ ಚಳಿಗೆ ಶಾಲು ಹೊದ್ದುಕೊಂಡೇ ಹೋಗಿ, ಅರ್ಧಕ್ಕೆ ಎದ್ದು ಬರಬೇಡಿ. ಗುದ್ದುವಾಗ ಇನ್ನೊಂದು ಕೈ ಸೊಂಟಕ್ಕೆ ಯಾಕೆ ಹೋಗುತ್ತದೆ ಎಂದು ಕೇಳಿ. ‘ಸ್ಟೈಲ್ ಹಂಗೇ’ ಅಂದರೆ ನಮಸ್ಕಾರ ಹೇಳಿ ಬನ್ನಿ. ‘ಬನ್ನಿ, ತೋರಿಸ್ತೀನಿ’ ಅಂದರೆ ಚಪ್ಪಲಿ ಗಟ್ಟಿಯಾಗಿ ಹಾಕಿಕೊಂಡು ಮುಂದೆ ಹೋಗಿ. ಈ ವರ್ಷ ಎಷ್ಟು ಮಕ್ಕಳು ಫೇಲಾದರು ಎಂದೂ ಕೇಳಿ. ಯಾರೂ ಇಲ್ಲವೆಂದರೆ ಅನುಮಾನಪಡಿ. ಫೀಸಿನಲ್ಲಿ, ಸಮವಸ್ತ್ರದಲ್ಲಿ ಎಷ್ಟು ಬೇಕಾದರೂ ಚೌಕಾಸಿ ಮಾಡಿ, ತಪ್ಪಿಲ್ಲ. ತಿಂಗಳುಗಳಲ್ಲಿ ಮಾತ್ರ ಮಾಡಬೇಡಿ. ಮಗು ಮನೆಗೆ ಬಂದಾಗ ಯಾವ ಬೆಲ್ಟು ಬಂತು ಎಂದು ಕೇಳುವ ಬದಲು ಇವತ್ತು ಎಲ್ಲಿ ತಪ್ಪಿತು ಎಂದು ಕೇಳಿ. ಅದು ಹೇಳಲು ಬಾಯಿ ತೆರೆದರೆ ಅಡ್ಡ ಮಾತಾಡದೆ ಕೇಳಿಸಿಕೊಳ್ಳಿ.