ಬಿ.ಎಸ್ಸಿ. ಹುಡುಗನ ಸೀನು

ನಿಪ್ಪಾಣಿಯ ಒಂದು ತಂಬಾಕಿನ ವಖಾರಿಯಲ್ಲಿ ನಾನು ಇಪ್ಪತ್ತೆಂಟು ವರ್ಷ ದಿವಾಣಜಿಯಾಗಿದ್ದೆ. ವಖಾರಿ ಎಂದರೆ ಗೋದಾಮು. ದಿವಾಣಜಿ ಎಂದರೆ ಮಾಲು ನೋಡುವವನು, ಆಳುಗಳನ್ನು ನೋಡುವವನು, ಮಾಲಕರ ಮುಖವನ್ನೂ ನೋಡುವವನು. ನನ್ನ ಓದು ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. ಡಿಗ್ರಿ ಓದಿದವರು ಯಾವ ಕೆಲಸಕ್ಕೂ ಹೊಂದುವುದಿಲ್ಲ ಎಂದು ನಾನು ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಸಾವಾದ ಮನೆಗೆ ಮಾತನಾಡಿಸಲು ಹೋದಲ್ಲಿ ಕೂಡ ಹೇಳಿದ್ದೇನೆ. ಸಾಕ್ಷಿಗೆಂದು ತಂಬಾಕಿಗೆ ಸೀನಿ ಸೀನಿ ಮೂಗು ಕೊಯ್ಸಿಕೊಂಡ ಒಬ್ಬ ಹುಡುಗನ ಕಥೆ ಹೇಳುತ್ತಿದ್ದೆ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಹೇಳುತ್ತಿದ್ದುದು ಅರ್ಧ ಕಥೆ. ಉಳಿದರ್ಧವನ್ನು ಈಗ ಬರೆಯುತ್ತೇನೆ.

ಎಂಬತ್ತರ ದಶಕದ ಕೊನೆಯ ಮಾತು. ಚಿಂಚಲಿ ಕಡೆಯ ಕುರಿ ಸಾಕುವ ಮನೆತನದ ಹುಡುಗ ಬಿ.ಎಸ್ಸಿ. ಪಾಸಾಗಿ ನಮ್ಮಲ್ಲಿ ಕೆಲಸಕ್ಕೆ ಬಂದ. ಮಾಲಕರು ನನ್ನನ್ನು ಕರೆದು, "ದಿವಾಣಜಿ, ಇಂವಗ ಎಲ್ಲಾ ಕಲಸ್ರಿ. ಮುಂದ ವಖಾರಿ ಇಂವನ ನೋಡ್ಕೊಳ್ಳಲಿ" ಎಂದರು. ಮುಂದೆ ಎಂದರೆ ಯಾವಾಗ, ಆಗ ನಾನೆಲ್ಲಿ ಎಂಬುದನ್ನು ಅವರು ಹೇಳಲಿಲ್ಲ. ಅಂದಿನಿಂದ ನನಗೆ ಊಟ ರುಚಿಸಲಿಲ್ಲ.

ಹುಡುಗ ಒಳ್ಳೆಯವನು. ನನ್ನನ್ನು ಕಾಕಾ ಎನ್ನುತ್ತಿದ್ದ. ಆದರೆ ವಖಾರಿಯ ಒಳಗೆ ಕಾಲಿಟ್ಟರೆ ಅವನ ಕಣ್ಣು ಕೆಂಪಾಗುತ್ತಿತ್ತು.

"ಕಾಕಾ, ಒಳಗ ಗಾಳೀನ ಇಲ್ಲಲ್ರಿ."

"ಗಾಳಿ ಬೇಕಿದ್ರ ಡಿಗ್ರಿ ಯಾಕ ಮಾಡಿದ್ಯೋ ಸಾಹೇಬಾ? ಕುರಿ ಹಿಂದ ಅಡ್ಡಾಡಬೇಕಿತ್ತು" ಎಂದೆ. ತಂಬಾಕು ಚಾಳಿಸುತ್ತಿದ್ದ, ಅಂದರೆ ಜರಡಿ ಹಿಡಿಯುತ್ತಿದ್ದ, ಹೆಂಗಸರೆಲ್ಲ ನಕ್ಕರು. ಅವನೂ ನಕ್ಕ, ನಕ್ಕು ಸೀನಿದ.

ನಮ್ಮಲ್ಲಿ ಆಗ ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಾಲಕರೂ ವ್ಯಾಪಾರಿಯೂ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ವ್ಯವಹಾರ ಮುಗಿಸುತ್ತಿದ್ದರು. ಟವೆಲ್ ತಂದು ಹಾಸುವುದು ನನ್ನ ಮಾನದ ಕೆಲಸ. ಆ ಹೊತ್ತಿನಲ್ಲಿ ಯಾರಾದರೂ ಸೀನಿದರೆ ವ್ಯಾಪಾರಿ ಕೈ ಹಿಂದೆಗೆಯುತ್ತಿದ್ದ. ಜೋಡಿ ಸೀನಾದರೆ ನಡೆಯುತ್ತಿತ್ತು, ಒಂಟಿ ಸೀನು ಅಪಶಕುನ.

ಮೊದಲನೆಯ ಸಲ ಆದದ್ದು ಆಕಸ್ಮಿಕ. ಚಾಳಿಸುವ ಕೋಣೆಯಲ್ಲಿ ತೂಗುಹಾಕಿದ್ದ ಟವೆಲ್ಲನ್ನು ತಂದು ಝಾಡಿಸಿದೆ. ಮಾದರಿಯ ತಟ್ಟೆ ಹಿಡಿದು ಹುಡುಗ ಪಕ್ಕದಲ್ಲೇ ನಿಂತಿದ್ದ. ಕೈಗೆ ಕೈ ಸೇರಿತೋ ಇಲ್ಲವೋ, ಇವನು ಸೀನಿದ.

"ಇನ್ನೊಂದು ಸೀನಪಾ ತಮ್ಮಾ, ಜೋಡಿ ಆಗ್ಲಿ!" ಎಂದು ಹೆಂಗಸರು ಕೂಗಿದರು. ಅವನು ಪ್ರಾಮಾಣಿಕ, ಇನ್ನೊಂದು ಸೀನಿದ. ಎಲ್ಲರೂ ಉಸಿರು ಬಿಟ್ಟರು. ಆಗ ಮೂರನೆಯದು ಬಂತು. ಕೊಲ್ಹಾಪುರದ ವ್ಯಾಪಾರಿ ಎದ್ದು ಚಪ್ಪಲಿ ಮೆಟ್ಟಿಕೊಂಡ.

ಎರಡನೆಯ ಸಲ ಆದದ್ದು ಆಕಸ್ಮಿಕವಲ್ಲ. ಪುಡಿ ಹಿಡಿಯಲೆಂದು ಟವೆಲ್ಲನ್ನು ಇಡೀ ದಿನ ಚಾಳಣಿಯ ಕೆಳಗೆ ಇಟ್ಟಿದ್ದೆ. ತಂದು, ಗಾಳಿ ಯಾವ ಕಡೆಗಿದೆ ಎಂದು ನೋಡಿ, ಅವನ ಮುಖದ ಕಡೆಗೇ ಝಾಡಿಸಿದೆ. ಮತ್ತೆ ಮೂರು ಸೀನು.

ಮಾಲಕರು, "ಇನ್ನೊಮ್ಮೆ ಹಿಂಗಾತಂದ್ರ ನಿನ್ನ ಊರಿಗೆ ನೀ ಹೋಗಪಾ" ಎಂದುಬಿಟ್ಟರು. ಹುಡುಗ ನನ್ನ ಹತ್ತಿರ ಬಂದು ಕೂತ. ಅಥಣಿ ಕಡೆಯ ಹೆಣ್ಣು ಗೊತ್ತಾಗಿತ್ತು. ದ್ರಾಕ್ಷಿ ತೋಟದವರು. ಹುಡುಗ ನೌಕರಿಯಲ್ಲಿ ನಿಂತರೆ ಮಾತ್ರ ಮದುವೆ ಎಂದು ಮಾವ ಕಡ್ಡಿ ಮುರಿದಂತೆ ಹೇಳಿದ್ದ. "ಕಾಕಾ, ಆಕಿ ಚಲೋ ಅದಾಳ್ರಿ" ಎಂದು ಇಷ್ಟೇ ಹೇಳಿ ತಲೆ ತಗ್ಗಿಸಿದ. ನಾನು ಸಮಾಧಾನ ಹೇಳಿದೆ. ನನ್ನ ಬಾಯಿ ಅಷ್ಟು ಸಿಹಿಯಾಗಿತ್ತು.

ಮರುದಿನದಿಂದ ಅವನು ಬರಲಿಲ್ಲ. ಓಡಿಹೋದ ಎಂದು ನಾನು ದಿವಾಣಜಿ ಕೂರುವ ಪೆಟ್ಟಿಗೆಯ ಮೇಲೆ ಆರಾಮಾಗಿ ಕೂತೆ. ಹದಿನೈದು ದಿನಕ್ಕೆ ಬಂದ, ಮೂಗಿನ ತುಂಬ ಹತ್ತಿ ತುರುಕಿಕೊಂಡು. ಮಿರಜಕ್ಕೆ ಹೋಗಿದ್ದನಂತೆ. ಮೂಗಿನಲ್ಲಿ ಎಲುಬು ಬೆಳೆದಿದೆ ಎಂದು ಡಾಕ್ಟರು ಹೇಳಿದರಂತೆ, ತೆಗೆಸಿಕೊಂಡು ಬಂದನಂತೆ.

"ಇನ್ನ ಸೀನ ಬರೂದಿಲ್ರಿ ಕಾಕಾ" ಎಂದ. ಧ್ವನಿ ಗಡಿಗೆಯೊಳಗಿಂದ ಬಂದಂತಿತ್ತು.

ಚಾಳಿಸುವವರಲ್ಲಿ ಹಿರಿಯಳಾದ ಮುದುಕಿಯೊಬ್ಬಳು ಚಾಳಣಿ ಕೆಳಗಿಟ್ಟು ನನ್ನನ್ನೇ ನೋಡಿದಳು. ಆಮೇಲೆ ಹತ್ತಿರ ಬಂದು ಮೆಲ್ಲಗೆ, "ದಿವಾಣಜಿ, ಮೂಗ ಅಂವಂದು ಕೊಯ್ದ್ರು. ಕೊಯ್ಯೂದಿತ್ತಂದ್ರ ನಿನ್ನ ಕೈ ಕೊಯ್ಯಬೇಕಿತ್ತು" ಎಂದಳು. ಅವಳು ಎಲ್ಲವನ್ನೂ ನೋಡಿದ್ದಳು.

ಆ ದಿನ ಟವೆಲ್ಲನ್ನು ಮನೆಗೆ ಒಯ್ದು ನಾನೇ ಒಗೆದೆ. ಹೆಂಡತಿ ಬೆರಗಾಗಿ, "ನಿಮ್ಮ ಧೋತರ ಒಂದಿನಾ ಒಗದಿಲ್ಲ, ಇದೇನ ಭಕ್ತಿರಿ?" ಎಂದಳು. ಮುಂದಿನ ವ್ಯವಹಾರದ ದಿನ ಹುಡುಗ ಒಂದೂ ಸೀನಲಿಲ್ಲ. ಕೈ ಸೇರಿತು, ಮಾಲು ಹೋಯಿತು, ಪೇಢೆ ಬಂತು. ಎಲ್ಲರೂ ಮಿರಜದ ಡಾಕ್ಟರನ್ನು ಹೊಗಳಿದ್ದೇ ಹೊಗಳಿದ್ದು. ನಮ್ಮ ಹಮಾಲರಲ್ಲಿ ಇಬ್ಬರು ಬಸ್ಸು ಹತ್ತಿ ತಮ್ಮ ಮೂಗು ತೋರಿಸಿಕೊಂಡು ಬಂದರು. ಒಬ್ಬನಿಗಂತೂ ಡಾಕ್ಟರು, ಮೂಗು ಸರಿ ಇದೆ, ನಶ್ಯ ಬಿಡು ಎಂದು ಬೈದು ಕಳಿಸಿದರು.

ಆದರೆ ಹುಡುಗನ ಕಣ್ಣು ಮಾತ್ರ ಸಂಜೆಗೆ ಕೆಂಪಾಗುವುದು ತಪ್ಪಲಿಲ್ಲ. ನಾನು ಮಾಲಕರ ಹತ್ತಿರ ಹೋದೆ. ಎಲ್ಲವನ್ನೂ ಹೇಳಬೇಕೆಂದೇ ಹೋದೆ. ಅವರ ಮುಖ ನೋಡಿದ ಮೇಲೆ ಬಾಯಿಂದ ಬಂದದ್ದು ಇಷ್ಟೇ: "ಇಂವನ್ನ ಒಳಗ ಹಾಕೂದ ತಪ್ಪರಿ. ಹೊಲಕ್ಕ ಕಳಸ್ರಿ. ರೈತರ ಕಡೆ ಮಾಲು ನೋಡಿ ಬರ್ಲಿ."

"ಮೂಗ ಕೊಯ್ಸಿದ ಮ್ಯಾಲ ಹೇಳ್ತೀರೇನ್ರಿ ಇದನ್ನ?" ಎಂದು ಅವರು ನಕ್ಕರು, ಒಪ್ಪಿದರು.

ಹೊಲದಲ್ಲಿ ಅವನು ಬೇರೆಯೇ ಮನುಷ್ಯನಾದ. ಬೋರಗಾಂವದಿಂದ ಚಿಕ್ಕೋಡಿಯ ತನಕ ಬಿಸಿಲಲ್ಲಿ ದಣಿಯದೆ ನಡೆಯುತ್ತಿದ್ದ. ಯಾವ ಮಣ್ಣಿನ ಎಲೆಗೆ ಎಂಥ ವಾಸನೆ, ಯಾಕೆ ಎಂಬುದನ್ನು ವಹಿಯಲ್ಲಿ ಬರೆದಿಡುತ್ತಿದ್ದ. ಕಟ್ಟೆಯ ಮೇಲೆ ಕೂತು ರೈತರಿಗೆ ಮರಾಠಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ತಿಳಿಸಿ ಹೇಳುತ್ತಿದ್ದ. ಕುರಿ ಕಾಯುವ ಕಾಲೂ ಓದಿದ ತಲೆಯೂ ಎರಡೂ ಅಲ್ಲಿ ಉಪಯೋಗಕ್ಕೆ ಬಂದವು. ನಾನು ಎಲೆಯನ್ನು ಮೂಗಿಗೆ ಹಿಡಿದು ಹೇಳುತ್ತಿದ್ದುದನ್ನು ಅವನು ಗಿಡದ ಬೇರು ನೋಡಿಯೇ ಹೇಳುತ್ತಿದ್ದ. ಅಲ್ಲಿಂದ ಮುಂದೆ ನನ್ನ ಪೆಟ್ಟಿಗೆಯ ಆಸೆ ಅವನಿಗೆ ಇರಲೇ ಇಲ್ಲ. ಮೊದಲೂ ಇತ್ತೋ ಇಲ್ಲವೋ, ನಾನು ಕೇಳಿರಲಿಲ್ಲ.

ಅಥಣಿಯ ಕಡೆ ಮದುವೆಯಾಯಿತು. ಹಂದರದಲ್ಲಿ ನನ್ನನ್ನು ಕರೆದು, ಮಾವನ ಕೈಯಿಂದ ನನ್ನ ತಲೆಗೆ ಪಟಕಾ ಸುತ್ತಿಸಿದ. "ನನ್ನ ನೌಕರಿ ಉಳಿಸಿದವ್ರು ಇವ್ರ" ಎಂದು ಎಲ್ಲರಿಗೂ ಹೇಳಿದ. ಪಂಕ್ತಿಯಲ್ಲಿ ಆ ಮುದುಕಿ ನನ್ನೆದುರಿಗೇ ಕೂತಿದ್ದಳು. ಹೋಳಿಗೆ ತಿನ್ನುತ್ತ ನನ್ನ ತಲೆಯನ್ನೇ ನೋಡುತ್ತಿದ್ದಳು. ಗುಲಾಬಿ ಬಣ್ಣದ ಪಟಕಾ. ಅಷ್ಟು ಚೆಂದದ್ದನ್ನು ನಾನು ಅದಕ್ಕೂ ಮೊದಲು ಸುತ್ತಿಕೊಂಡಿರಲಿಲ್ಲ. ಬಿಚ್ಚಿ ಇಡಬೇಕು ಎನ್ನಿಸಿತು, ಬಿಚ್ಚಲಿಲ್ಲ.

ಈಗಲೂ ಅವನು ದೀಪಾವಳಿಗೆ ಮಕ್ಕಳನ್ನು ಕರೆದುಕೊಂಡು ಬಂದು ನನ್ನ ಕಾಲಿಗೆ ಬೀಳಿಸುತ್ತಾನೆ. ಪ್ರತಿ ಸಲವೂ ಹೇಳಬೇಕೆಂದು ಬಾಯಿ ತೆರೆಯುತ್ತೇನೆ, ಫರಾಳದ ತಾಟು ಬರುತ್ತದೆ, ಚಕ್ಕುಲಿ ತಿನ್ನುತ್ತೇನೆ. ಅದಕ್ಕೇ ಬರೆದಿದ್ದೇನೆ. ತಮ್ಮಾ, ಎಲುಬು ನಿಜವಾಗಿಯೂ ಬೆಳೆದಿದ್ದೀತು, ಅದು ಡಾಕ್ಟರಿಗೆ ಗೊತ್ತು. ಎರಡನೆಯ ಸಲದ ಆ ಮೂರು ಸೀನು ಮಾತ್ರ ನನ್ನವು. ಓದಿದ ಮೇಲೆ ಬಾ. ಬೈಯುವುದಿದ್ದರೆ ಮಕ್ಕಳ ಮುಂದೆಯೇ ಬೈ; ಅವರಿಗೂ ಪೂರ್ತಿ ಕಥೆ ಗೊತ್ತಾಗಲಿ.